ಲಿನಕ್ಸ್ ಕಂಪ್ಯೂಟರ್ ಹ್ಯಾಂಗ್ ಆದಾಗ: ಪವರ್ ಬಟನ್ ಒತ್ತುವ ಮೊದಲಿನ ಎರಡು ನಿಮಿಷ

ಪ್ರಶ್ನೆ: ಬದಿಯಡ್ಕ ಪೇಟೆಯ ಬಳಿ ನನ್ನದೊಂದು ಡಿಟಿಪಿ ಅಂಗಡಿ. ಕನ್ನಡ, ಮಲಯಾಳ ಎರಡರಲ್ಲೂ ಮದುವೆ ಕಾಗದ, ಅರ್ಜಿ, ನೋಟಿಸು ಮಾಡಿಕೊಡುತ್ತೇನೆ. ಕಂಪ್ಯೂಟರ್ ನಾಲ್ಕನೇ ತಲೆಮಾರಿನ ಕೋರ್ ಐ3, ಎಚ್81 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಆಮೇಲೆ ಹಾಕಿಸಿದ ಜಿಟಿ 710 ಗ್ರಾಫಿಕ್ಸ್ ಕಾರ್ಡ್. ಉಬುಂಟು 22.04. ದಿನಕ್ಕೆ ಎರಡು ಮೂರು ಸಲ ಹ್ಯಾಂಗ್ ಆಗುತ್ತದೆ. ಕೆಲವೊಮ್ಮೆ ಮೌಸ್ ಎಳೆದೆಳೆದು ಓಡುತ್ತದೆ, ಹಾರ್ಡ್ ಡಿಸ್ಕಿನ ಕೆಂಪು ದೀಪ ಆರುವುದೇ ಇಲ್ಲ. ಕೆಲವೊಮ್ಮೆ ಪರದೆ ನಿಂತುಹೋಗಿ ಹಾಡು ಮಾತ್ರ ಕೇಳುತ್ತಿರುತ್ತದೆ. ಮಳೆಯ ದಿನಗಳಲ್ಲಿ ಎಲ್ಲವೂ ಗಕ್ಕನೆ ನಿಂತು ಸ್ಪೀಕರಿನಿಂದ ‘ಗುರ್ರ್’ ಎಂಬ ಸದ್ದು ಬರುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ, ಪ್ರಯೋಜನವಾಗಲಿಲ್ಲ. ಲಿನಕ್ಸ್ ಹಾಕಿದ್ದೇ ತಪ್ಪು, ತೆಗೆದುಬಿಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿರುವುದು ಒಂದು ದೋಷವಲ್ಲ, ಮೂರು. ಮೂರಕ್ಕೂ ‘ಹ್ಯಾಂಗ್’ ಎಂಬ ಒಂದೇ ಹೆಸರಿಟ್ಟು ಒಂದೇ ಮದ್ದು ಕೊಟ್ಟದ್ದರಿಂದ ಗುಣವಾಗಲಿಲ್ಲ. ಫಾರ್ಮ್ಯಾಟ್ ಮಾಡಿದರೆ 4 ಜಿಬಿ ರ‍್ಯಾಮ್ 8 ಆಗುವುದಿಲ್ಲ, ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚಿ ಹಂಚಿ ಸೋತ ಎಸ್‌ಎಂಪಿಎಸ್ ಚೇತರಿಸಿಕೊಳ್ಳುವುದಿಲ್ಲ. ಸಾಲದ್ದಕ್ಕೆ, ಹ್ಯಾಂಗ್ ಆದ ಗಳಿಗೆಯಲ್ಲಿ ಏನು ನಡೆಯಿತು ಎಂದು ಬರೆದಿಟ್ಟ ಲಾಗ್ ಕೂಡ ಅಳಿಸಿಹೋಗುತ್ತದೆ. ಲಿನಕ್ಸಿನದೇ ತಪ್ಪು ಎಂಬ ಮಾತನ್ನು ಕಾಸರಗೋಡಿನಲ್ಲಿ ಕೂತು ಹೇಳುವುದಂತೂ ವಿಚಿತ್ರ. ಕೇರಳದ ಶಾಲೆಗಳಿಗೆ ರಾಜ್ಯದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಕೊಡುವ ವ್ಯವಸ್ಥೆ ಉಬುಂಟುವನ್ನೇ ಆಧರಿಸಿದ್ದು, ನಿಮ್ಮ ಪಕ್ಕದ ಕನ್ನಡ ಮಾಧ್ಯಮ ಶಾಲೆಯ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ.

ಒಂದು ಸೂಚನೆ. ಕಮಾಂಡುಗಳನ್ನು ಇಲ್ಲಿ ಓದುವ ರೀತಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದೆ.

ಹ್ಯಾಂಗ್ ಆದ ಕೂಡಲೇ

ಪವರ್ ಬಟನ್ನಿಗೆ ಕೈ ಹಾಕಬೇಡಿ. ಎರಡು ನಿಮಿಷ ಪರೀಕ್ಷೆ ಮಾಡಿ. ಒಳಗೆ ಯಾವುದು ಇನ್ನೂ ಉಸಿರಾಡುತ್ತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹೊತ್ತಿ ಆರುತ್ತಿದ್ದರೆ ಕರ್ನೆಲ್ಲೂ (ಲಿನಕ್ಸಿನ ತಿರುಳು) ಡೆಸ್ಕ್‌ಟಾಪೂ ಬದುಕಿವೆ, ಕಟ್ಟಿಕೊಂಡಿರುವುದು ಯಾವುದೋ ಒಂದು ಪ್ರೋಗ್ರಾಂ. ದೀಪ ಹೊತ್ತಲಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸತ್ತಿದೆ ಎಂದು ತೀರ್ಮಾನಿಸಬೇಡಿ. ಡೆಸ್ಕ್‌ಟಾಪ್ ತೆರೆದಿರುವಾಗ ಆ ದೀಪವನ್ನು ಹೊತ್ತಿಸುವುದು ಡೆಸ್ಕ್‌ಟಾಪಿನ ಸಾಫ್ಟ್‌ವೇರೇ. ಅದೊಂದೇ ನಿಂತು, ಕೆಳಗೆ ಕರ್ನೆಲ್ ಆರಾಮಾಗಿ ಇರಬಹುದು. ಹಲವರು ಎಡವುವುದು ಇಲ್ಲೇ.

ಆಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅರ್ಧ ನಿಮಿಷ ಕಾಯಿರಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳಿದರೆ ದೋಷ ಡೆಸ್ಕ್‌ಟಾಪ್ ಅಥವಾ ಗ್ರಾಫಿಕ್ಸಿನದು. ಹಿಂದಿರುಗಲು ಕಂಟ್ರೋಲ್, ಆಲ್ಟ್, ಎಫ್2. ಕಪ್ಪು ಪರದೆಯೂ ಬರದಿದ್ದರೆ ಮೊಬೈಲಿನಿಂದ ಒಳಗೆ ಹೋಗಲು ನೋಡಿ. ಇದಕ್ಕೆ ಇವತ್ತೇ ಸಿದ್ಧತೆ ಬೇಕು: ‘ಸುಡೊ ಆಪ್ಟ್ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್’ ಹಾಕಿ, ‘ಹೋಸ್ಟ್‌ನೇಮ್ -ಐ’ (ಐ ದೊಡ್ಡಕ್ಷರ) ಕೊಟ್ಟು ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಇದ್ದು ಅಂಗಡಿಯ ವೈಫೈಗೇ ಸೇರಿಕೊಂಡಿದ್ದರೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಲಾಗಿನ್ ಆಗಬಹುದು. ಪರದೆ ಕಲ್ಲಾಗಿದ್ದರೂ ಮೊಬೈಲಿನಿಂದ ಲಾಗಿನ್ ಆಯಿತೆಂದರೆ ಪ್ರೊಸೆಸರ್, ರ‍್ಯಾಮ್, ಬೋರ್ಡ್ ಈ ಸಲಕ್ಕೆ ನಿರಪರಾಧಿಗಳು.

ಕೊನೆಯದು ಸಿಸ್‌ಆರ್‌ಕ್ಯೂ ಕೀಲಿ, ಎಂದರೆ ಪ್ರಿಂಟ್ ಸ್ಕ್ರೀನ್ ಕೀಲಿಯೇ. ಆಲ್ಟ್ ಮತ್ತು ಅದನ್ನು ಹಿಡಿದುಕೊಂಡು ಆರ್, ಇ, ಐ, ಎಸ್, ಯು, ಬಿ ಅಕ್ಷರಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ಸೆಕೆಂಡು ಬಿಟ್ಟು ಒತ್ತಬೇಕು. ಎಸ್ ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಎಂದು ಬದಲಿಸುತ್ತದೆ, ಬಿ ರೀಸ್ಟಾರ್ಟ್ ಮಾಡುತ್ತದೆ. ಉಬುಂಟುವಿನಲ್ಲಿ ಯಾವ ಅಕ್ಷರಗಳಿಗೆ ಅನುಮತಿ ಎಂದು ಹೇಳುವ ಸಂಖ್ಯೆ 176. ಹಾಗಾಗಿ ಎಸ್, ಯು, ಬಿ ಈ ಮೂರು ಮಾತ್ರ ಕೆಲಸ ಮಾಡುತ್ತವೆ. ‘/ಇಟಿಸಿ/ಸಿಸ್‌ಸಿಟಿಎಲ್.ಡಿ/10-ಮ್ಯಾಜಿಕ್-ಸಿಸ್‌ಆರ್‌ಕ್ಯೂ.ಕಾನ್ಫ್’ ಕಡತದಲ್ಲಿ 176 ಇರುವಲ್ಲಿ 244 ಎಂದು ಬರೆದು ರೀಸ್ಟಾರ್ಟ್ ಮಾಡಿದರೆ ಉಳಿದವೂ ಸಿಗುತ್ತವೆ. ಅವುಗಳ ಜೊತೆಗೆ ನಿಮಗೆ ತುಂಬ ಬೇಕಾದ ‘ಎಫ್’ ಕೂಡ; ಅದರ ಮಾತು ಮುಂದೆ ಬರುತ್ತದೆ. ಬಿ ಒತ್ತಿದರೂ ರೀಸ್ಟಾರ್ಟ್ ಆಗದಿದ್ದರೆ ಕರ್ನೆಲ್ಲೂ ನಿಂತಿದೆ ಎಂದೇ ತಿಳಿಯಿರಿ. ಆಗ ಪವರ್ ಬಟನ್ ಒತ್ತಿ ಹಿಡಿಯುವುದಲ್ಲದೆ ಬೇರೆ ದಾರಿಯಿಲ್ಲ.

ಲಾಗ್ ಓದುವುದು

ರೀಸ್ಟಾರ್ಟ್ ಆದ ಮೇಲೆ ‘ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಇ’ ಕೊಡಿ. ಹಿಂದಿನ ಸಲ ಕಂಪ್ಯೂಟರ್ ಓಡುತ್ತಿದ್ದಾಗಿನ ಲಾಗಿನ ಕಟ್ಟಕಡೆಯ ಸಾಲುಗಳು ಕಾಣುತ್ತವೆ. ಇಲ್ಲೊಂದು ತೊಡಕಿದೆ. ಲಾಗ್ ಬರೆಯುವ ಜರ್ನಲ್‌ಡಿ ಸಾಮಾನ್ಯ ಸಾಲುಗಳನ್ನು ಡಿಸ್ಕಿಗೆ ಖಚಿತವಾಗಿ ಇಳಿಸುವುದು ಐದು ನಿಮಿಷಕ್ಕೊಮ್ಮೆ. ಗಕ್ಕನೆ ನಿಂತರೆ ಕೊನೆಯ ಐದು ನಿಮಿಷದ ಸಾಕ್ಷಿ ಅಳಿಸಿಹೋಗಬಹುದು. ‘/ಇಟಿಸಿ/ಸಿಸ್ಟಮ್‌ಡಿ/ಜರ್ನಲ್‌ಡಿ.ಕಾನ್ಫ್’ ಒಳಗೆ ‘ಸಿಂಕ್‌ಇಂಟರ್ವಲ್‌ಸೆಕ್’ ಎಂಬ ಸಾಲಿನ ಆರಂಭದ ಹ್ಯಾಷ್ (#) ಗುರುತು ತೆಗೆದು 10ಎಸ್ ಎಂದು ಬರೆಯಿರಿ. ದೋಷ ಸಿಕ್ಕಿದ ಮೇಲೆ ಹಳೆಯ ಸ್ಥಿತಿಗೇ ತನ್ನಿ. ಹಾರ್ಡ್ ಡಿಸ್ಕಿಗೆ ಸುಮ್ಮನೆ ದುಡಿತ ಬೇಡ.

ಕಣ್ಣಿಡಬೇಕಾದ ಮಾತುಗಳು ಕೆಲವೇ. ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂದಿದ್ದರೆ ರ‍್ಯಾಮ್ ಸಾಲಲಿಲ್ಲ. ‘ನೂವೋ’ ಎಂಬ ಗ್ರಾಫಿಕ್ಸ್ ಡ್ರೈವರಿನ ಹೆಸರಾದ ಮೇಲೆ ಫಿಫೊ ಎರರ್, ಟೈಮ್‌ಔಟ್ ಎಂದಿದ್ದರೆ, ಅಥವಾ ಎನ್‌ವಿಡಿಯಾ ಡ್ರೈವರಿನ ‘ಎಕ್ಸ್‌ಐಡಿ’ ಎಂಬ ಪದ ಕಂಡರೆ ಗ್ರಾಫಿಕ್ಸ್. ‘ಎಟಿಎ1: ಹಾರ್ಡ್ ರೀಸೆಟಿಂಗ್ ಲಿಂಕ್’, ‘ಐ/ಓ ಎರರ್, ಡೆವ್ ಎಸ್‌ಡಿಎ’ ಎಂದಿದ್ದರೆ ಹಾರ್ಡ್ ಡಿಸ್ಕ್ ಅಥವಾ ಅದರ ಕೇಬಲ್. ‘ಎಂಸಿಇ: ಹಾರ್ಡ್‌ವೇರ್ ಎರರ್’ ಎನ್ನುವುದು ಪ್ರೊಸೆಸರೇ ಕೊಟ್ಟ ದೂರು. ಇನ್ನು, ಮಾಮೂಲಿ ಸಾಲುಗಳು ಬರುತ್ತ ಬರುತ್ತ ನಡುವೆಯೇ ಕತ್ತರಿಸಿದಂತೆ ನಿಂತಿದ್ದರೆ ‘ಏನೂ ಸಿಗಲಿಲ್ಲ’ ಎಂದುಕೊಳ್ಳಬೇಡಿ. ಬರೆಯಲೂ ಪುರಸೊತ್ತು ಸಿಗದೆ ನಿಂತಿದೆ ಎಂದರೆ ಹೆಚ್ಚಾಗಿ ವಿದ್ಯುತ್, ರ‍್ಯಾಮ್ ಅಥವಾ ಬೋರ್ಡು.

ಮೌಸ್ ಎಳೆದೆಳೆದು ಓಡುವುದು, ಕೆಂಪು ದೀಪ ಆರದಿರುವುದು

ಇದು ಹ್ಯಾಂಗ್ ಅಲ್ಲವೇ ಅಲ್ಲ, ಏದುಸಿರು. ಉಬುಂಟುವಿನ ಡೆಸ್ಕ್‌ಟಾಪ್ ಏಳುವಾಗಲೇ 1 ಜಿಬಿಗಿಂತ ಹೆಚ್ಚು ನುಂಗಿರುತ್ತದೆ. ಮೇಲೆ ಬ್ರೌಸರಿನಲ್ಲಿ ಅರ್ಜಿ ತುಂಬುವ ಹತ್ತು ಹನ್ನೆರಡು ಟ್ಯಾಬ್, ಇಂಕ್‌ಸ್ಕೇಪಿನಲ್ಲಿ ಗಣಪತಿ ಚಿತ್ರವಿರುವ ಮದುವೆ ಕಾಗದ, 600 ಡಿಪಿಐ ಬಣ್ಣದ ಸ್ಕ್ಯಾನ್. ಎ4 ಪುಟ ಒಂದನ್ನು ಅಷ್ಟು ಡಿಪಿಐಯಲ್ಲಿ ತೆಗೆದರೆ ರ‍್ಯಾಮಿನೊಳಗೆ ಅದು ಸುಮಾರು 100 ಎಂಬಿ ಆಗುತ್ತದೆ. ರ‍್ಯಾಮ್ ತುಂಬಿದಾಗ ಕರ್ನೆಲ್ ಅದರಲ್ಲಿನ ಕೆಲವು ‘ಪುಟ’ಗಳನ್ನು (ಮಾಹಿತಿಯ ತುಂಡುಗಳನ್ನು) ಹಾರ್ಡ್ ಡಿಸ್ಕಿನ ಸ್ವಾಪ್ ಕಡತಕ್ಕೆ ಸಾಗಿಸುತ್ತದೆ, ಮರುಕ್ಷಣ ಬೇಕೆಂದು ಮತ್ತೆ ತರುತ್ತದೆ. ತಿರುಗುವ ಡಿಸ್ಕಿಗೆ ಈ ಓಡಾಟ ತಾಳುವ ವೇಗವಿಲ್ಲ.

ಆದರೆ ಸಾಯುತ್ತಿರುವ ಹಾರ್ಡ್ ಡಿಸ್ಕ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಎರಡನ್ನೂ ಬೇರ್ಪಡಿಸಲು ಟರ್ಮಿನಲ್ಲಿನಲ್ಲಿ ‘ವಿಎಂಸ್ಟ್ಯಾಟ್ 1’ ಓಡಿಸಿ ಒಂದು ಮೂಲೆಯಲ್ಲಿ ತೆರೆದಿಟ್ಟು ನಿಮ್ಮ ಕೆಲಸ ಮಾಡಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಎಳೆದಾಟ ಶುರುವಾದಾಗ ‘ಎಸ್‌ಐ’, ‘ಎಸ್‌ಓ’ ಕಾಲಮುಗಳಲ್ಲಿ ಸಾವಿರಗಟ್ಟಲೆ ಸಂಖ್ಯೆ ಓಡಿದರೆ ಅದು ಸ್ವಾಪ್. ಅವೆರಡೂ ಸೊನ್ನೆಯಾಗಿದ್ದು, ದೊಡ್ಡ ಕಡತವನ್ನೇನೂ ಕಾಪಿ ಮಾಡದಿರುವಾಗ ‘ಡಬ್ಲ್ಯೂಎ’ ಕಾಲಂ (ಡಿಸ್ಕಿಗಾಗಿ ಕಾಯುವ ಸಮಯ) ಏರಿದ್ದರೆ ಡಿಸ್ಕಿನ ಮೇಲೆ ಸಂಶಯ ಪಡಿ.

ಸ್ವಾಪ್ ಎಂದಾದರೆ ನಿಜವಾದ ಪರಿಹಾರ ಇನ್ನೊಂದು 4 ಜಿಬಿ ಡಿಡಿಆರ್3 ಕಡ್ಡಿ. ಎಚ್81 ಬೋರ್ಡಿನಲ್ಲಿ ಎರಡು ಸ್ಲಾಟ್ ಇರುತ್ತವೆ, 16 ಜಿಬಿವರೆಗೆ ಹಿಡಿಸುತ್ತವೆ. 1600 ಮೆಗಾಹರ್ಟ್ಸ್‌ನ ಡೆಸ್ಕ್‌ಟಾಪ್ ಕಡ್ಡಿ ಕೇಳಿ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಕೂರುವುದಿಲ್ಲ, ಡಿಡಿಆರ್4 ಕೂಡ ಕೂರುವುದಿಲ್ಲ. ಮಂಗಳೂರಿಗೆ ಹೋಗಿ ತರುವುದಾದರೆ ಹಳೆಯ ಕಡ್ಡಿಯ ಮೇಲಿನ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಅದೇ ಪ್ರಯಾಣದಲ್ಲಿ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದು ಉಬುಂಟುವನ್ನು ಅದಕ್ಕೆ ಹಾಕಿದರೆ ಕಂಪ್ಯೂಟರಿನ ಚಹರೆಯೇ ಬದಲಾಗುತ್ತದೆ. ದುಡ್ಡು ಒಂದಕ್ಕೇ ಸಾಕಾಗುವುದಾದರೆ ಮೊದಲು ರ‍್ಯಾಮ್.

ಅಲ್ಲಿಯವರೆಗೆ ‘ಜೆಡ್‌ರ‍್ಯಾಮ್-ಟೂಲ್ಸ್’ ಇನ್‌ಸ್ಟಾಲ್ ಮಾಡಿ. ಇದು ರ‍್ಯಾಮಿನದೇ ಒಂದು ಭಾಗದಲ್ಲಿ ಪುಟಗಳನ್ನು ಒತ್ತಿ ಮಡಚಿಡುತ್ತದೆ, ಡಿಸ್ಕಿನ ಓಡಾಟ ಕಡಿಮೆಯಾಗುತ್ತದೆ. ‘/ಇಟಿಸಿ/ಡಿಫಾಲ್ಟ್/ಜೆಡ್‌ರ‍್ಯಾಮ್‌ಸ್ವಾಪ್’ ಕಡತದಲ್ಲಿ ‘ಪರ್ಸೆಂಟ್’ (ದೊಡ್ಡಕ್ಷರ) ಎಂಬುದಕ್ಕೆ 50 ಕೊಟ್ಟು ರೀಸ್ಟಾರ್ಟ್ ಮಾಡಿ. ಸ್ವಾಪ್ ಕಡತವನ್ನೇ 8 ಜಿಬಿಗೆ ಹಿಗ್ಗಿಸಿ ಎಂಬ ಸಲಹೆ ಸಿಕ್ಕೀತು. ತಿರುಗುವ ಡಿಸ್ಕಿನಲ್ಲಿ ಹಾಗೆ ಮಾಡಿದರೆ ಎರಡು ನಿಮಿಷದ ಏದುಸಿರು ಇಪ್ಪತ್ತು ನಿಮಿಷಕ್ಕೆ ಬೆಳೆಯುತ್ತದೆ, ಅಷ್ಟೇ.

ಕಟ್ಟಿಕೊಂಡೇಬಿಟ್ಟರೆ ಆಲ್ಟ್, ಸಿಸ್‌ಆರ್‌ಕ್ಯೂ, ಎಫ್ ಒಂದೇ ಒಂದು ಸಲ. ಹೆಚ್ಚು ರ‍್ಯಾಮ್ ಹಿಡಿದುಕೊಂಡ ಪ್ರೋಗ್ರಾಮನ್ನು ಕರ್ನೆಲ್ ತಾನೇ ಕೊಲ್ಲುತ್ತದೆ. ಸಾಮಾನ್ಯವಾಗಿ ಬಲಿಯಾಗುವುದು ಬ್ರೌಸರಿನ ಟ್ಯಾಬು, ಮದುವೆ ಕಾಗದ ಉಳಿಯುತ್ತದೆ. ಅಂದಹಾಗೆ 22.04ರಲ್ಲಿ ‘ಸಿಸ್ಟಮ್‌ಡಿ-ಊಮ್‌ಡಿ’ ಎಂಬ ಕಾವಲುಗಾರನೂ ಇದ್ದಾನೆ. ಬ್ರೌಸರ್ ಸದ್ದಿಲ್ಲದೆ ಮಾಯವಾಗುವುದು ನೋಡಿದ್ದರೆ ಅದು ಅವನ ಕೆಲಸ, ವೈರಸ್ ಅಲ್ಲ.

ಡಿಸ್ಕಿನ ಮೇಲೆ ಸಂಶಯ ಬಂದವರು ‘ಸ್ಮಾರ್ಟ್‌ಮಾನ್‌ಟೂಲ್ಸ್’ ಹಾಕಿ ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ಕೊಡಬೇಕು. ಪಟ್ಟಿ ಉದ್ದವಿರುತ್ತದೆ, ನೋಡಬೇಕಾದ್ದು 5, 197, 198, 199 ಈ ನಾಲ್ಕು ಸಾಲುಗಳ ಕೊನೆಯ ಅಂಕಿ. 5 ಏರುತ್ತಿದ್ದರೆ ಡಿಸ್ಕ್ ಕೆಟ್ಟ ಜಾಗಗಳನ್ನು ಬದಲಿಸುತ್ತಿದೆ. 197 ಅಥವಾ 198 ಸೊನ್ನೆಯಲ್ಲದಿದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗಗಳಿವೆ. ಆ ದಿನವೇ ಗಿರಾಕಿಗಳ ಕಡತಗಳನ್ನು ಬೇರೆಡೆಗೆ ಕಾಪಿ ಮಾಡಿ. 199 ಮಾತ್ರ ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದೆ, ಸಾಟಾ ಕೇಬಲ್ ಕೆಟ್ಟಿದೆ. ಒಳ್ಳೆಯ ಡಿಸ್ಕನ್ನು ಬಿಸಾಡಿ ಕೆಟ್ಟ ಕೇಬಲನ್ನು ಹೊಸ ಡಿಸ್ಕಿಗೆ ಚುಚ್ಚಿಕೊಡುವುದು ರಿಪೇರಿ ಮೇಜುಗಳಲ್ಲಿ ಅಪರೂಪವೇನಲ್ಲ. ಕೇಬಲ್ ಬದಲಿಸಿದ ಮೇಲೂ ಹಳೆಯ ಎಣಿಕೆ ಹಾಗೇ ಉಳಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ಮುಂದೆ ಏರದಿದ್ದರೆ ಸಾಕು.

ಪರದೆ ನಿಂತು ಹಾಡು ಮುಂದುವರಿಯುವುದು

ಹಾಡು ಹರಿಯುತ್ತಿದೆ ಎಂದರೆ ಪ್ರೊಸೆಸರ್ ಕೆಲಸದಲ್ಲಿದೆ, ನಿಂತದ್ದು ಚಿತ್ರ ಮಾತ್ರ. ಜಿಟಿ 710 ಕಾರ್ಡಿಗೆ ಉಬುಂಟು ತಾನಾಗಿ ಹಚ್ಚುವುದು ನೂವೋ ಎಂಬ ಮುಕ್ತ ಡ್ರೈವರನ್ನು. ಎನ್‌ವಿಡಿಯಾದ ಪೂರ್ತಿ ಮಾಹಿತಿ ಇಲ್ಲದೆ ಹೊರಗಿನವರು ಬಿಡಿಸಿ ಬರೆದ ಡ್ರೈವರ್ ಅದು. ಬ್ರೌಸರಿನಲ್ಲಿ ವಿಡಿಯೊ ಓಡಿಸಿ ಜೊತೆಗೆ ಕಿಟಕಿಗಳನ್ನು ಹಿಗ್ಗಿಸಿ ಕುಗ್ಗಿಸುವಾಗ ಕೆಲವು ಕಾರ್ಡುಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಖರ್ಚಿಲ್ಲದ ಪರೀಕ್ಷೆ ಹೀಗೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡನ್ನು ಹೊರತೆಗೆಯಿರಿ. ಸ್ಲಾಟಿನ ತುದಿಯ ಸಣ್ಣ ಕೊಕ್ಕೆಯನ್ನು ಒತ್ತದೆ ಎಳೆದರೆ ಸ್ಲಾಟೇ ಸೀಳೀತು. ಮಾನಿಟರಿನ ಕೇಬಲನ್ನು ಬೋರ್ಡಿನ ಪೋರ್ಟಿಗೇ ಚುಚ್ಚಿ. ನಿಮ್ಮ ಐ3ರ ಒಳಗೆ ಇಂಟೆಲ್ ಗ್ರಾಫಿಕ್ಸ್ ಇದೆ, ಡಿಟಿಪಿ ಕೆಲಸಕ್ಕೆ ಅದು ಧಾರಾಳ ಸಾಕು. ಮೂರು ದಿನ ಹಾಗೇ ನಡೆಸಿ. ಈ ಬಗೆಯ ಹ್ಯಾಂಗ್ ನಿಂತರೆ ಕಾರ್ಡನ್ನು ಮರಳಿ ಹಾಕುವ ಅಗತ್ಯವೇ ಇಲ್ಲ. ಇಂಟೆಲ್ ಗ್ರಾಫಿಕ್ಸ್ ತನ್ನ ಪಾಲನ್ನು ರ‍್ಯಾಮಿನಿಂದಲೇ ತೆಗೆದುಕೊಳ್ಳುವುದರಿಂದ, ಮೇಲೆ ಹೇಳಿದ ಹೊಸ ಕಡ್ಡಿಗೆ ಇನ್ನೊಂದು ಕಾರಣ ಸಿಕ್ಕಿತು.

ಕಾರ್ಡ್ ಬೇಕೇ ಬೇಕು ಎಂದರೆ ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಿ. ಜಿಟಿ 710 ಹಳೆಯ ಕೆಪ್ಲರ್ ಕುಟುಂಬದ್ದು, ಅದಕ್ಕೆ ಹೊಂದುವ ಕೊನೆಯ ಸಾಲು 470. ‘ಸುಡೊ ಆಪ್ಟ್ ಇನ್‌ಸ್ಟಾಲ್ ಎನ್‌ವಿಡಿಯಾ-ಡ್ರೈವರ್-470’. ಅದಕ್ಕಿಂತ ಹೊಸ ಸಂಖ್ಯೆ ಹಾಕಿದರೆ ಡ್ರೈವರ್ ಈ ಕಾರ್ಡನ್ನು ಗುರುತಿಸುವುದಿಲ್ಲ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಕಾವಲು) ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಮಾಡಿಕೊಳ್ಳಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿಯಾಗಿ ಮುಂದೆ ಸಾಗಬೇಡಿ; ‘ಎನ್‌ರೋಲ್ ಮಾಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದಂತೆ. ಲಾಗಿನ್ ಪರದೆಯ ಕೆಳಗಿನ ಹಲ್ಲುಚಕ್ರದ ಗುರುತಿನಲ್ಲಿ ಆಯ್ಕೆ ಕಂಡರೆ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿಕೊಳ್ಳಿ.

ಮಳೆಯ ದಿನದ ‘ಗುರ್ರ್’

ಸ್ಪೀಕರಿನಲ್ಲಿ ಒಂದೇ ಸದ್ದು ಸುತ್ತುವುದು, ಧ್ವನಿ ಚಿಪ್ಪಿಗೆ ಪ್ರೊಸೆಸರಿನಿಂದ ಹೊಸ ಸರಕು ಬರುವುದು ನಿಂತಾಗ. ಕೊನೆಗೆ ಸಿಕ್ಕ ಚೂರನ್ನೇ ಅದು ಮತ್ತೆ ಮತ್ತೆ ನುಡಿಸುತ್ತಿರುತ್ತದೆ. ಇದು ನಿಜವಾದ ಹ್ಯಾಂಗ್. ಮಳೆಯ ದಿನಗಳಲ್ಲೇ ಹೆಚ್ಚು ಎಂದು ನೀವೇ ಗಮನಿಸಿದ್ದೀರಿ. ಹಾಗಾಗಿ ಸಾಫ್ಟ್‌ವೇರ್ ಬಿಟ್ಟು ಗೋಡೆಯ ಪ್ಲಗ್ಗಿನಿಂದ ಹುಡುಕಾಟ ಶುರುಮಾಡಿ.

ಗಾಳಿಮಳೆಗೆ ಅಡಕೆ ಸೋಗೆ, ತೆಂಗಿನ ಮಡಲು ಲೈನಿಗೆ ತಾಗಿದಾಗ ಕರೆಂಟ್ ಪೂರ್ತಿ ಹೋಗದೆ ಒಮ್ಮೆ ಮಿಣುಕುವುದುಂಟು. ನಮ್ಮ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡು. ಆರೋಗ್ಯವಾಗಿರುವ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ತುಂಬಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ತಳ್ಳಬಲ್ಲದು. ಅಷ್ಟರೊಳಗೆ ಯುಪಿಎಸ್ ವಹಿಸಿಕೊಂಡರೆ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ವಯಸ್ಸಾದ ಕೆಪಾಸಿಟರಿಗೆ ಅಷ್ಟು ದಮ್ಮಿಲ್ಲ. ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಆಫ್ ಆಗುವಷ್ಟಲ್ಲ, ಪ್ರೊಸೆಸರ್ ತಪ್ಪು ಮಾಡುವಷ್ಟು.

ಅಂಗಡಿಯಲ್ಲಿ ಇನ್ವರ್ಟರಿನಿಂದಲೇ ಕಂಪ್ಯೂಟರ್ ನಡೆಯುತ್ತಿದೆಯೇ? ಹಲವು ಇನ್ವರ್ಟರುಗಳಲ್ಲಿ ‘ಯುಪಿಎಸ್’, ‘ನಾರ್ಮಲ್’ ಎಂಬ ಎರಡು ಸ್ಥಾನಗಳ ಒಂದು ಸಣ್ಣ ಸ್ವಿಚ್ ಇರುತ್ತದೆ, ಹೆಚ್ಚಾಗಿ ಹಿಂಬದಿಯಲ್ಲಿ, ಧೂಳಿನಡಿ. ನಾರ್ಮಲ್‌ನಲ್ಲಿ ಅದು ತುಂಬ ಇಳಿದ ವೋಲ್ಟೇಜನ್ನೂ ಹಾಗೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಹೊರಳುವುದೂ ನಿಧಾನ. ಫ್ಯಾನು, ಬಲ್ಬಿಗೆ ಅದು ಸರಿ. ಕಂಪ್ಯೂಟರಿಗೆ ಯುಪಿಎಸ್ ಸ್ಥಾನವೇ ಬೇಕು. ಎಷ್ಟೋ ಸಲ ರಿಪೇರಿ ಇಷ್ಟರಲ್ಲೇ ಮುಗಿಯುತ್ತದೆ.

ಎಸ್‌ಎಂಪಿಎಸ್ ಅಳೆಯಲು ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಂಪ್ಯೂಟರ್ ಆನ್ ಇರುವಾಗ, ಖಾಲಿ ಬಿದ್ದಿರುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ನೋಡಿ. ಹಳದಿ ಮತ್ತು ಕಪ್ಪು ವಯರುಗಳ ನಡುವೆ 11.4ರಿಂದ 12.6, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ಇರಬೇಕು. ಮಿತಿ ದಾಟಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನಲು ಅಡ್ಡಿಯಿಲ್ಲ. ಮಿತಿಯೊಳಗಿದ್ದರೆ ಒಳ್ಳೆಯದಿದೆ ಎನ್ನುವಂತಿಲ್ಲ, ಏಕೆಂದರೆ ಕ್ಷಣದ ಕುಸಿತ ಮಲ್ಟಿಮೀಟರಿಗೆ ಕಾಣಿಸುವುದಿಲ್ಲ. ಪರಿಚಯದವರಿಂದ ಒಂದು ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಒಂದು ವಾರ ನಡೆಸುವುದೇ ನಂಬಬಹುದಾದ ಪರೀಕ್ಷೆ. ಹೆಚ್ಚು ವ್ಯಾಟಿನದು ಬೇಕೆಂದೇನಿಲ್ಲ. ನಿಮ್ಮ ತಲೆಮಾರಿನ ಡೆಸ್ಕ್‌ಟಾಪ್ ಐ3ಗೆ 54 ವ್ಯಾಟ್ ಆಸುಪಾಸು, ಜಿಟಿ 710ಕ್ಕೆ 19. ಹೆಸರಾಂತ ಕಂಪನಿಯ 300–350 ವ್ಯಾಟಿನದು, ‘450’ ಎಂದು ಚೀಟಿ ಅಂಟಿಸಿದ ಹಗುರ ಡಬ್ಬಕ್ಕಿಂತ ಮೇಲು. ಹಳೆಯದನ್ನು ಬಿಚ್ಚಿ ಒಳಗೆ ನೋಡುವ ಚಪಲ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಕ್ಯಾಬಿನೆಟ್ ತೆರೆದಾಗ ಪ್ರೊಸೆಸರಿನ ಸುತ್ತಲಿನ ಉರುಟು ಕೆಪಾಸಿಟರುಗಳ ತಲೆ ಸಪಾಟಾಗಿದೆಯೇ, ಉಬ್ಬಿದೆಯೇ ನೋಡಿ. ಇರುವೆ ಗೂಡು, ಹಲ್ಲಿಯ ಹಿಕ್ಕೆ ಇದ್ದರೆ ಒಣ ಬ್ರಷ್ಷಿನಲ್ಲಿ ತೆಗೆಯಿರಿ.

ಮಳೆಗಾಲದ ಇನ್ನೊಂದು ಸಂಗತಿ ರ‍್ಯಾಮ್ ಕಡ್ಡಿ. ಆರ್ದ್ರತೆಗೆ ಸ್ಲಾಟಿನಲ್ಲೂ ಕಡ್ಡಿಯ ಅಂಚಿನಲ್ಲೂ ಕೊಳೆಯ ತೆಳು ಪದರ ಕೂರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಉಳಿದ ಚಾರ್ಜ್ ಇಳಿಸಿ, ಕಡ್ಡಿ ತೆಗೆದು ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಎರಡೂ ಬದಿಯ ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ಮೆಮ್‌ಟೆಸ್ಟ್86+ ಎಂಬ ಪರೀಕ್ಷೆಯನ್ನು ಒಂದು ರಾತ್ರಿಯಿಡೀ ಓಡಿಸಿ. ಉಬುಂಟು 22.04ರ ಗ್ರಬ್ ಪಟ್ಟಿಯಲ್ಲಿ (ಆನ್ ಆಗುವಾಗ ಬರುವ ಆಯ್ಕೆಗಳ ಪಟ್ಟಿ) ಇದು ಕಾಣುವುದು ಹಳೆಯ ಬಯಾಸ್ ಪದ್ಧತಿಯಲ್ಲಿ ಹಾಕಿದ್ದರೆ ಮಾತ್ರ. ಯುಇಎಫ್‌ಐ (ಹೊಸ ಪದ್ಧತಿ) ಆಗಿದ್ದರೆ 6 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಬೇಕು. ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ಕಡ್ಡಿಯನ್ನು ಇನ್ನೊಂದು ಸ್ಲಾಟಿಗೆ ಹಾಕಿ ಮತ್ತೆ ಓಡಿಸಿ. ಅಲ್ಲೂ ತಪ್ಪು ಬಂದರೆ ಕಡ್ಡಿಯ ಮೇಲೆ ಸಂಶಯ, ಅಲ್ಲಿ ಸರಿಯಿದ್ದರೆ ಹಳೆಯ ಸ್ಲಾಟಿನ ಮೇಲೆ. ‘ಒಂದೆರಡು ತಪ್ಪು ಪರವಾಗಿಲ್ಲ’ ಎನ್ನುವ ರಿಯಾಯಿತಿ ರ‍್ಯಾಮಿಗೆ ಇಲ್ಲ.

ಬಿಸಿಯ ಬಗ್ಗೆ ನೀವು ಕೇಳಿಲ್ಲ, ಆದರೂ ‘ಎಲ್‌ಎಂ-ಸೆನ್ಸರ್ಸ್’ ಹಾಕಿ ‘ಸೆನ್ಸರ್ಸ್’ ಕೊಟ್ಟು ನೋಡಿ. ಕೆಲಸದ ನಡುವೆ 85 ಡಿಗ್ರಿ ದಾಟುತ್ತಿದ್ದರೆ ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಹಳೆಯ ಪೇಸ್ಟ್ ಒರೆಸಿ, ಬಟಾಣಿಗಿಂತ ಸಣ್ಣ ಬೊಟ್ಟಿನಷ್ಟು ಹೊಸತು ಹಾಕಿ. ಬಿಸಿ ಮೀರಿದ ಇಂಟೆಲ್ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಆಮೇಲೆ ಆಫ್ ಆಗುತ್ತದೆ. ಗಕ್ಕನೆ ಕಲ್ಲಾಗುವುದು ಕಡಿಮೆ.

ಬೇರೆ ಯಂತ್ರ ಇರುವವರಿಗೆ

ಸೆಲೆರಾನ್ ಜೆ1900, ಎನ್2840 ಮುಂತಾದ ಬೇ ಟ್ರೇಲ್ ಚಿಪ್ಪಿನ ಸಣ್ಣ ಪೆಟ್ಟಿಗೆಗಳು ಲಿನಕ್ಸಿನಲ್ಲಿ ಸುಮ್ಮನೆ ಕೂತಿದ್ದಾಗ ನಿಂತುಹೋಗುವುದಕ್ಕೆ ಹೆಸರಾಗಿವೆ. ಪ್ರೊಸೆಸರ್ ಆಳವಾದ ನಿದ್ದೆಗೆ ಜಾರಿ ಎದ್ದು ಬರದಿರುವುದು ಕಾರಣ. ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತದಲ್ಲಿ ‘ಕ್ವಯಟ್ ಸ್ಪ್ಲ್ಯಾಷ್’ ಮುಂದೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಸೇರಿಸಿ ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ; ಕರೆಂಟ್ ಸ್ವಲ್ಪ ಹೆಚ್ಚು ತಿನ್ನುತ್ತದೆ, ಆದರೆ ನಿಲ್ಲುವುದಿಲ್ಲ. ಮೊದಲ ತಲೆಮಾರಿನ ರೈಜನ್ ಕೂಡ ಖಾಲಿ ಕೂತಾಗ ನಿಲ್ಲುತ್ತಿದ್ದರೆ ಬಯಾಸಿನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಹುಡುಕಿ ‘ಟಿಪಿಕಲ್ ಕರೆಂಟ್ ಐಡಲ್’ ಮಾಡಿ. ಎನ್‌ವಿಎಂಇ ಡಿಸ್ಕ್ ಇರುವವರ ಲಾಗಿನಲ್ಲಿ ‘ಕಂಟ್ರೋಲರ್ ಈಸ್ ಡೌನ್’ ಕಂಡರೆ ಗ್ರಬ್ಬಿನ ಅದೇ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿ ನೋಡಬಹುದು. ಅಪ್‌ಡೇಟ್ ಆದ ಮರುದಿನವೇ ಹ್ಯಾಂಗ್ ಶುರುವಾದವರು ಗ್ರಬ್ಬಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನೆಲ್ ಆರಿಸಿ ಎರಡು ದಿನ ನಡೆಸಲಿ.

ನಿಮ್ಮ ಮಟ್ಟಿಗೆ ಕ್ರಮ ಇಷ್ಟು: ಇವತ್ತು ಇನ್ವರ್ಟರಿನ ಸ್ವಿಚ್ ನೋಡಿ, ರ‍್ಯಾಮ್ ಅಂಚು ಉಜ್ಜಿ, ರಾತ್ರಿ ಮೆಮ್‌ಟೆಸ್ಟ್. ನಾಳೆ ಗ್ರಾಫಿಕ್ಸ್ ಕಾರ್ಡ್ ಹೊರಗೆ. ಆಮೇಲೆ ರ‍್ಯಾಮ್ ಕಡ್ಡಿ, ಕೊನೆಗೆ ಎಸ್‌ಎಂಪಿಎಸ್. ನಾಳೆಯಿಂದ ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಮೂರು ದಿನ ಬಿಡಿ. ಮಳೆಯ ದಿನದ್ದಕ್ಕೆ ಮೂರು ಮಳೆಯಾದರೂ ಬೇಕು. ಮೇಜಿನ ಮೇಲೆ ಒಂದು ಪುಸ್ತಕವಿಟ್ಟು ಪ್ರತಿ ಹ್ಯಾಂಗಿಗೆ ಒಂದು ಸಾಲು ಬರೆಯಿರಿ: ದಿನ, ಗಂಟೆ, ಮೂರರಲ್ಲಿ ಯಾವ ಬಗೆ, ಏನೇನು ತೆರೆದಿತ್ತು, ಕರೆಂಟ್ ಮಿಣುಕಿತೇ, ಬಿ ಒತ್ತಿದಾಗ ರೀಸ್ಟಾರ್ಟ್ ಆಯಿತೇ. ಇಷ್ಟೆಲ್ಲ ಆಗಿಯೂ ಉಳಿದರೆ ಆ ಪುಟದ ಫೋಟೊ, ಜರ್ನಲ್‌ಸಿಟಿಎಲ್ ಕೊಟ್ಟ ಕೊನೆಯ ಐವತ್ತು ಸಾಲು, ಸ್ಮಾರ್ಟ್‌ಸಿಟಿಎಲ್‌ನ ಆ ನಾಲ್ಕು ಅಂಕಿ ಸೇರಿಸಿ ಮತ್ತೆ ಬರೆಯಿರಿ.